ಪೇಟೆಂಟ್ ಅರ್ಜಿಯಲ್ಲಿ ಸಂಶೋಧಕರಿಗೆ ಒಂದು ಹೆಸರು, ಹಕ್ಕು ವರ್ಗಾವಣೆ ಪತ್ರದಲ್ಲಿ ಇನ್ನೊಂದು. ಅರ್ಜಿಯನ್ನೇ ಮತ್ತೆ ಹಾಕಬೇಕೇ?

ಬೇಡ. ಮತ್ತೆ ಹಾಕಿದರೆ ಮೊದಲ ಅರ್ಜಿಯ ದಿನಾಂಕ ಕೈತಪ್ಪುತ್ತದೆ, ಪೇಟೆಂಟಿನಲ್ಲಿ ಅದೇ ಆಸ್ತಿ. ಭಾರತದಲ್ಲಿ ಫಾರ್ಮ್ 13 ತುಂಬಿ, ಶುಲ್ಕ ಕಟ್ಟಿ, ಕಾರಣ ಬರೆದು, ಪುರಾವೆ ಲಗತ್ತಿಸಿ ಅರ್ಜಿಯನ್ನು ತಿದ್ದಿಸಿಕೊಳ್ಳಬಹುದು. ಪೇಟೆಂಟ್ ಕಾಯ್ದೆಯ 57ನೇ ಕಲಂ ಇದಕ್ಕೆಂದೇ ಇದೆ.

ಇಷ್ಟು ಚಿಕ್ಕ ವ್ಯತ್ಯಾಸಕ್ಕೆ ತಕರಾರು ಏಕೆ? ಅರ್ಜಿದಾರ ಬೇರೆ, ಸಂಶೋಧಕ ಬೇರೆ ಆಗಿದ್ದಾಗ, ಹಕ್ಕು ಒಬ್ಬರಿಂದ ಇನ್ನೊಬ್ಬರಿಗೆ ಬಂದದ್ದಕ್ಕೆ ಆ ಪತ್ರವೇ ಸಾಕ್ಷಿ. ಅರ್ಜಿಯ ನಮೂನೆಯಾದ ಫಾರ್ಮ್ 1ರಲ್ಲಿ ‘ಮಂಜುನಾಥ್ ಎಚ್.ಕೆ.’, ಪತ್ರದಲ್ಲಿ ‘ಹೊಸಹಳ್ಳಿ ಕೃಷ್ಣಪ್ಪ ಮಂಜುನಾಥ’ ಎಂದಿದ್ದರೆ ಹಕ್ಕು ಕೊಟ್ಟವರು ಅವರೇ ಎಂದು ಪೇಟೆಂಟ್ ಕಚೇರಿಯ ಪರೀಕ್ಷಕರಿಗೆ ಹೇಗೆ ಗೊತ್ತಾಗಬೇಕು? ನಮ್ಮ ಕಡೆಯ ಇನಿಷಿಯಲ್ ಪದ್ಧತಿಯಿಂದಾಗುವ ಮಾಮೂಲಿ ಫಜೀತಿ ಇದು. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಜೊತೆಗೆ ಪಾಸ್‌ಪೋರ್ಟ್ ಪ್ರತಿ ಇಟ್ಟರೆ ವಾದ ಗಟ್ಟಿಯಾಗುತ್ತದೆ.

ಆದರೆ ಎಲ್ಲ ವ್ಯತ್ಯಾಸವೂ ಕಾಗುಣಿತದ ತಪ್ಪಲ್ಲ. ಅರ್ಜಿದಾರರೇ ಬದಲಾಗಿದ್ದರೆ ಫಾರ್ಮ್ 6 ಬೇಕು. ಸಂಶೋಧಕರೊಬ್ಬರ ಹೆಸರೇ ಬಿಟ್ಟುಹೋಗಿದ್ದರೆ ಅದು 28ನೇ ಕಲಂ, ಫಾರ್ಮ್ 8ರ ವಿಷಯ. ಇವನ್ನು ‘ಟೈಪಿಂಗ್ ದೋಷ’ ಎಂದು ತೇಲಿಸಲು ಹೋಗಬೇಡಿ.

ಅಮೆರಿಕದಲ್ಲೂ ಅರ್ಜಿ ಹಾಕಿದ್ದರೆ ಅಲ್ಲಿನ ಲೆಕ್ಕ ಬೇರೆ: ಅರ್ಜಿಯ ಮಾಹಿತಿ ಹಾಳೆಗೂ ಸಂಶೋಧಕರ ಘೋಷಣಾ ಪತ್ರಕ್ಕೂ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಕೊನೆಗೆ ಸಲ್ಲಿಸಿದ್ದೇ ಲೆಕ್ಕಕ್ಕೆ. ಸಂಶೋಧಕರು ಯಾರು ಎಂಬುದಕ್ಕೂ ಅವರ ಹೆಸರು ತಿದ್ದುವುದಕ್ಕೂ ಅಲ್ಲೂ ಪ್ರತ್ಯೇಕ ನಿಯಮ.