ಮರಗಳೇ ಸರಿಯಾಗಿಲ್ಲದ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಹ್ಯಾಮಕ್ (ಎರಡು ಮರಗಳ ನಡುವೆ ಕಟ್ಟುವ ಬಟ್ಟೆಯ ತೂಗುಹಾಸಿಗೆ) ಕಟ್ಟಿ ಮಲಗುವುದು ಕಲಿಯೋದು ಹೇಗೆ? ಸ್ಟ್ಯಾಂಡ್ ತೆಗೆದುಕೊಳ್ಳಲೇಬೇಕಾ?

ಸ್ಟ್ಯಾಂಡ್, ಅಂದರೆ ಮರವಿಲ್ಲದೆಯೇ ಹ್ಯಾಮಕ್ ತೂಗುಹಾಕುವ ಚೌಕಟ್ಟು, ಅದರ ವಿಚಾರ ಆಮೇಲೆ ನೋಡೋಣ. "ಎರಡೇ ಮರ ಸಿಕ್ಕವು, ಅವೂ ತುಂಬಾ ದೂರ, ಹೇಗೋ ಎಳೆದು ಕಟ್ಟಿದೆ" ಅಂತ ಬರೆದಿದ್ದೀರಲ್ಲ, ಅದನ್ನು ಓದುವಾಗಲೇ ನನ್ನ ಸೊಂಟದ ಕೆಳಗೆ ಒಮ್ಮೆ ಚುಳ್ ಅಂದಿತು. ನಾನೂ ಹೇಗೋ ಎಳೆದು ಕಟ್ಟಿದವನೇ.

ಅದು ಹ್ಯಾಮಕ್‌ನಲ್ಲಿ ನನ್ನ ಮೊದಲ ರಾತ್ರಿ. ತಲುಪುವಾಗಲೇ ಕತ್ತಲಾಗುತ್ತಿತ್ತು. ಸೈಟ್ ಎಲ್ಲ ಕಡೆ ಇರುವ ಥರದ್ದೇ. ನಡುವೆ ಟೆಂಟ್‌ಗೆ ಅಂತ ಸಮ ಮಾಡಿದ ನೆಲ, ಪಕ್ಕದಲ್ಲಿ ಒಂದು ಟೇಬಲ್, ಬೆಂಕಿ ಹಾಕಲು ಒಂದು ಕಬ್ಬಿಣದ ಬಳೆ. ಆ ಸಮ ನೆಲದ ಆಚೆಗೊಂದು ಈಚೆಗೊಂದು ಮರ. ಒಂದು ತಬ್ಬಿಕೊಳ್ಳುವಷ್ಟು ದಪ್ಪ. ಇನ್ನೊಂದು ಎಳೆಯದು, ನನ್ನ ತೊಡೆಯಷ್ಟೂ ಇರಲಿಲ್ಲ. ನಡುವೆ ಹೆಜ್ಜೆ ಹಾಕಿ ನೋಡಿದೆ, ಸುಮಾರು 23 ಅಡಿ.

ಮರಕ್ಕೆ ಸುತ್ತಲು ಹ್ಯಾಮಕ್ ಜೊತೆ ಬಂದಿದ್ದ ಪಟ್ಟಿಗಳು, ಅಂದರೆ ಸ್ಟ್ರಾಪ್‌ಗಳು ಅಷ್ಟು ದೂರಕ್ಕೆ ಸಾಲಲಿಲ್ಲ. ಕಾರಿನ ಡಿಕ್ಕಿಯಲ್ಲಿ ಬಿದ್ದಿದ್ದ ನೈಲಾನ್ ಹಗ್ಗ ತಂದು ಎಳೆಯ ಮರದ ಕಡೆ ಸೇರಿಸಿದೆ. ಎರಡೂ ಕಡೆ ಎದೆಯ ಮಟ್ಟಕ್ಕೆ ಕಟ್ಟಿದೆ, ಅಂದರೆ ನಾಲ್ಕೂವರೆ ಅಡಿ ಎತ್ತರ. ಕೂತೆ. ನೇರ ನೆಲಕ್ಕೆ ತಾಗಿತು. ಎದ್ದು ಬಿಗಿ ಮಾಡಿ ಮತ್ತೆ ಕೂತೆ. ಮತ್ತೆ ನೆಲ. ಮೂರನೇ ಸಲ ಒಂದು ಕಾಲನ್ನು ಮರಕ್ಕೆ ಒತ್ತಿಕೊಟ್ಟು, ಮೈಭಾರವೆಲ್ಲ ಬಿಟ್ಟು ಜಗ್ಗಿದೆ. ಬೆರಳಲ್ಲಿ ಮೀಟಿದರೆ ಹಗ್ಗ ಝುಂ ಅನ್ನಬೇಕು, ಅಷ್ಟು ಬಿಗಿ. ಈಗ ಮಲಗಿದರೆ ನೆಲದಿಂದ ಎರಡೂವರೆ ಅಡಿ ಮೇಲೆ, ಮಂಚದ ಹಾಗೆ ಸಮ. ಎಂಥಾ ಹೆಮ್ಮೆ ಅಂತೀರಿ!

ನಿದ್ದೆ ಮಾತ್ರ ಬರಲಿಲ್ಲ. ಬಟ್ಟೆಯ ಎರಡೂ ಅಂಚು ಎದ್ದು ನಿಂತು ಭುಜಗಳನ್ನು ಒತ್ತುತ್ತಿದ್ದವು. ಮಗ್ಗುಲು ಬದಲಿಸಿದರೆ ಮಗುಚಿಕೊಳ್ಳುವ ಹಾಗಿತ್ತು. ಹ್ಯಾಮಕ್ ಅಂದರೆ ಇಷ್ಟೇನಾ ಅಂತ ಬೈದುಕೊಳ್ಳುತ್ತಲೇ ಕಣ್ಣು ಮುಚ್ಚಿದ್ದೆ. ಎರಡು ಗಂಟೆ ಹೊತ್ತಿಗೆ ಹೊರಳಿದೆ ನೋಡಿ, ತಲೆಯ ಕಡೆಯಿಂದ ಫಟ್ ಅಂತ ಒಂದು ಶಬ್ದ. ಆಮೇಲೆ ನೆಲ. ಸುಮ್ನೆ ನೆಲವೂ ಅಲ್ಲ, ಮಣ್ಣಿನಿಂದ ಮೇಲೆದ್ದಿದ್ದ ಒಂದು ಬೇರು, ಸರಿಯಾಗಿ ಬೆನ್ನುಮೂಳೆಯ ತುದಿಗೆ. ಸ್ವಲ್ಪ ಹೊತ್ತು ಉಸಿರೇ ಹೊರಡಲಿಲ್ಲ. ಪಕ್ಕದ ಟೆಂಟ್‌ನವರು ಟಾರ್ಚ್ ಹಾಕಿ "ಏನಾಯ್ತು?" ಅಂದರು. "ಏನಿಲ್ಲ ಏನಿಲ್ಲ" ಅಂದೆ, ಮಲಗಿದ ಕಡೆಯಿಂದಲೇ. ಮುಂದಿನ ಆರು ವಾರ ಒಂದೇ ಪಕ್ಕದಲ್ಲಿ ಕುರ್ಚಿಗೆ ಒರಗಿ ಕೆಲಸ ಮಾಡಿದೆ.

ಹಗ್ಗ ಹಳೆಯದಿತ್ತು, ಅದಕ್ಕೇ ಕಿತ್ತಿತು ಅಂತ ತುಂಬಾ ದಿನ ಎಲ್ಲರಿಗೂ ಹೇಳುತ್ತಿದ್ದೆ. ಸುಳ್ಳು. ಆ ಬಿಗಿಯೇ ಅದನ್ನು ಕಿತ್ತಿದ್ದು. ಇದೊಂದನ್ನು ಉದ್ದಕ್ಕೆ ಹೇಳುತ್ತೇನೆ, ದಯವಿಟ್ಟು ಹಾರಿಸಬೇಡಿ.

ಬಟ್ಟೆ ಒಣಗಿಸುವ ತಂತಿ ನೋಡಿದ್ದೀರಲ್ಲ? ಸಡಿಲ ಇದ್ದರೆ ಒದ್ದೆ ಬೆಡ್‌ಶೀಟ್ ಹಾಕಿದಾಗ ಜೋತು ಬೀಳುತ್ತದೆ, ಅಷ್ಟೇ. ಅದೇ ತಂತಿಯನ್ನು ನೆಟ್ಟಗೆ ಬಿಗಿದು ಅದೇ ಬೆಡ್‌ಶೀಟ್ ಹಾಕಿ, ಗೋಡೆಯ ಮೊಳೆ ಕಿತ್ತು ಬರುತ್ತದೆ. ಬೆಡ್‌ಶೀಟಿನ ತೂಕ ಬದಲಾಗಿಲ್ಲ. ತೂಕವನ್ನು ಹೊರಬೇಕಾದದ್ದು ಮೇಲ್ಮುಖವಾಗಿ, ತಂತಿ ಎಳೆಯುತ್ತಿರುವುದು ಅಡ್ಡಡ್ಡ. ಆ ಅಡ್ಡ ಎಳೆತದಲ್ಲಿ ಮೇಲಕ್ಕೆ ಎತ್ತುವ ಪಾಲು ಒಂದು ಚೂರು ಮಾತ್ರ. ಆ ಚೂರಿನಲ್ಲೇ ಪೂರ್ತಿ ತೂಕ ಎತ್ತಬೇಕು ಅಂದರೆ ಒಟ್ಟು ಎಳೆತ ಎಷ್ಟೋ ಪಟ್ಟು ಏರಬೇಕು.

ಲೆಕ್ಕ ಹಾಕಿದರೆ ಗಾಬರಿ ಆಗುತ್ತದೆ. ನನ್ನ ತೂಕ 75 ಕಿಲೋ. ಸ್ಟ್ರಾಪ್ ನೆಲದ ಮಟ್ಟಕ್ಕೆ 30 ಡಿಗ್ರಿ ಓರೆಯಲ್ಲಿ ಇಳಿದಿದ್ದರೆ ಒಂದೊಂದು ಕಡೆ ಬೀಳುವ ಎಳೆತವೂ 75 ಕಿಲೋ. ಅಂದರೆ ಪ್ರತಿ ಮರಕ್ಕೂ ನಿಮ್ಮದೇ ತೂಕ, ನೆನಪಿಡಲು ಸುಲಭ. 10 ಡಿಗ್ರಿಗೆ ಇಳಿಸಿ, ಒಂದು ಕಡೆಗೇ ಸುಮಾರು 215 ಕಿಲೋ. 5 ಡಿಗ್ರಿಗೆ 430 ಕಿಲೋ. ಆ ರಾತ್ರಿ ನಾನು ಇದ್ದದ್ದು ಹೆಚ್ಚುಕಡಿಮೆ 10 ಡಿಗ್ರಿಯಲ್ಲಿ. ಮೂರು ಜನರನ್ನು ಹೊರುವಷ್ಟು ಭಾರವನ್ನು ಒಂದು ಹಗ್ಗಕ್ಕೆ ಹೊರಿಸಿ, ಅದರಲ್ಲಿ ಗಂಟು ಬೇರೆ ಹಾಕಿದ್ದೆ. ಗಂಟು ಬಿದ್ದ ಕಡೆ ಹಗ್ಗದ ಶಕ್ತಿ ಇನ್ನೂ ಕಡಿಮೆ. ಅದರ ಮೇಲೆ ಹೊರಳಾಟ, ಹೊರಳಿದಾಗ ಎಳೆತ ಇನ್ನೊಂದಿಷ್ಟು ಜಿಗಿಯುತ್ತದೆ. ಹಗ್ಗ ಎರಡು ಗಂಟೆವರೆಗೆ ತಡೆದದ್ದೇ ಅದರ ದೊಡ್ಡತನ.

ಇನ್ನೊಂದು ತಮಾಷೆ ಏನೆಂದರೆ, ನೈಲಾನ್ ಭಾರ ಬಿದ್ದರೆ ಹಿಗ್ಗುತ್ತದೆ. ನಾನು ಪ್ರತಿ ಸಲ ನೆಲಕ್ಕೆ ತಾಗಲು ಅದೂ ಒಂದು ಕಾರಣ. ಹಿಗ್ಗಿದಷ್ಟೂ ಬಿಗಿದೆ. ಕಟ್ಟುವ ಜಾಗವನ್ನು ಮೇಲೆ ಏರಿಸಬೇಕು ಅನ್ನುವುದು ತಲೆಗೇ ಬರಲಿಲ್ಲ. 23 ಅಡಿ ದೂರಕ್ಕೆ ಸರಿಯಾದ ಜೋತು ಬೇಕಿದ್ದರೆ ಎಂಟು ಅಡಿಗಿಂತ ಮೇಲೆ ಕಟ್ಟಬೇಕಿತ್ತು. ಕೈಗೆ ಎಟುಕದ ಎತ್ತರ. ಎಟುಕಲಿಲ್ಲ ಅಂದರೆ ಆ ಜೋಡಿ ಮರವನ್ನು ಬಿಡಬೇಕು, ಅಷ್ಟೇ ಇದ್ದದ್ದು.

ಬೆಳಿಗ್ಗೆ ನೋಡಿದರೆ ಎಳೆಯ ಮರದ ತೊಗಟೆಯಲ್ಲಿ ಹಗ್ಗ ಕೊರೆದ ಗೀರು, ಬೆರಳಿಟ್ಟರೆ ಒದ್ದೆ. ತೊಗಟೆಯ ಒಳಗಿನ ತೆಳ್ಳನೆಯ ಪದರದಲ್ಲೇ ಮರದ ಆಹಾರ ಹರಿಯುವುದು. ನನ್ನ ಮೂಳೆ ಕೂಡಿಕೊಂಡಿತು, ಆ ಮರದ ಕಥೆ ಏನಾಯಿತೋ. ಅಂದಿನಿಂದ ಮರಕ್ಕೆ ಹಗ್ಗ ಸುತ್ತಿಲ್ಲ. ಕನಿಷ್ಠ ಒಂದು ಇಂಚು ಅಗಲದ ಪಾಲಿಯೆಸ್ಟರ್ ಸ್ಟ್ರಾಪ್ ಮಾತ್ರ. ಅದು ಹಿಗ್ಗುವುದೂ ಕಡಿಮೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅವತ್ತು ಕೂರಲು ಆಗದೆ ನಿಂತೇ ಇದ್ದೆನಲ್ಲ, ನಿಂತು ನಿಂತು ಸುತ್ತ ನೋಡುವಾಗ ಕಂಡಿತು. ನನ್ನದೇ ಸೈಟಿನ ಹಿಂದಿನ ಮೂಲೆಯಲ್ಲಿ, ಟೇಬಲ್‌ನಿಂದ ಹದಿನೈದು ಹೆಜ್ಜೆ, ಗಟ್ಟಿಮುಟ್ಟಾದ ಎರಡು ಮರ. ನಡುವೆ 13 ಅಡಿ. ಕೆಳಗೆ ಇಳಿಜಾರು, ತುಂಬಾ ಕಲ್ಲು. ಹಿಂದಿನ ಸಂಜೆ ಅದರ ಪಕ್ಕದಲ್ಲೇ ಓಡಾಡಿದ್ದೆ, ಆದರೂ ಕಂಡಿರಲಿಲ್ಲ. ಯಾಕೆ ಗೊತ್ತಾ? ಟೆಂಟ್ ಹಾಕುವವರ ಕಣ್ಣಲ್ಲಿ ಸಮ ನೆಲ ಹುಡುಕುತ್ತಿದ್ದೆ. ಹ್ಯಾಮಕ್‌ಗೆ ಸಮ ನೆಲ ಯಾಕೆ ಬೇಕು! ಟೆಂಟ್ ಜಾಗಕ್ಕೆ ಅಂತ ಮರ ಕಡಿದು ಸಮ ಮಾಡಿರುತ್ತಾರೆ, ಅದರ ಸುತ್ತ ಮರ ಹುಡುಕಿದರೆ ಸಿಗುವುದು ಎಲ್ಲಿಂದ?

ಹಾಗಾಗಿ "ಸರಿಯಾದ ಮರ ಇಲ್ಲ" ಅನ್ನುವ ನಿಮ್ಮ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ, ಬೇಜಾರು ಮಾಡ್ಕೋಬೇಡಿ. ಮುಂದಿನ ಸಲ ಸೈಟಿನ ಅಂಚುಗಳನ್ನು ನೋಡಿ. ಇಳಿಜಾರು, ಬಂಡೆ, ಬೇರು ಇರುವ ಕಡೆ ನೋಡಿ. ಅಳತೆಗೆ ಟೇಪ್ ಬೇಡ, ತೋಳು ಚಾಚಿ ಮಾರು ಹಾಕಿ. ಎರಡರಿಂದ ಎರಡೂವರೆ ಮಾರು ಇದ್ದರೆ ಹಬ್ಬ. 12 ಅಡಿ ದೂರಕ್ಕೆ ಸುಮಾರು 5 ಅಡಿ ಎತ್ತರದಲ್ಲಿ ಕಟ್ಟಿ, 15ಕ್ಕೆ ಹತ್ತಿರ ಹತ್ತಿರ 6 ಅಡಿ. 20 ಅಡಿ ಆದರೆ 7ಕ್ಕಿಂತ ಮೇಲೆ, ಕೋಲಿನಿಂದ ಸ್ಟ್ರಾಪನ್ನು ಮೇಲಕ್ಕೆ ತಳ್ಳಬೇಕಾಗುತ್ತದೆ. ಅದರಾಚೆಗೆ ಆಸೆ ಬಿಡಿ. ಓರೆ ಸರಿ ಇದೆಯಾ ನೋಡಲು ಕೈಯೇ ಸಾಕು. ತೋರುಬೆರಳನ್ನು ಅಡ್ಡ ಚಾಚಿ, ಹೆಬ್ಬೆರಳನ್ನು ನೆಟ್ಟಗೆ ಮೇಲಕ್ಕೆ ಎತ್ತಿ. ಎರಡರ ತುದಿಗಳ ನಡುವಿನ ಓರೆ ಗೆರೆ ಹೆಚ್ಚುಕಡಿಮೆ 30 ಡಿಗ್ರಿ. ಸ್ಟ್ರಾಪ್ ಅದಕ್ಕೆ ಸಮಾನಾಂತರ ಇದ್ದರೆ ಆಯಿತು. ಮೊದಮೊದಲು ಇಷ್ಟು ಜೋತು ಬಿದ್ದರೆ ಮಲಗೋದು ಹೇಗೆ ಅನ್ನಿಸುತ್ತದೆ. ಬಟ್ಟೆಯಲ್ಲಿ ಸ್ವಲ್ಪ ಓರೆಯಾಗಿ, ತಲೆ ಒಂದು ಪಕ್ಕ ಕಾಲು ಇನ್ನೊಂದು ಪಕ್ಕ ಮಾಡಿ ಮಲಗಿ, ಬೆನ್ನು ಸಮ ಆಗುತ್ತದೆ. ಬಿಗಿ ಕಟ್ಟಿದರೆ ಹೀಗೆ ಓರೆ ಮಲಗಲು ಜಾಗವೇ ಉಳಿಯುವುದಿಲ್ಲ.

ಮರ ಜೀವಂತ ಇರಬೇಕು, ಕನಿಷ್ಠ ಒಂದು ಗೇಣಿನಷ್ಟಾದರೂ ದಪ್ಪ ಇರಬೇಕು. ಒಣಗಿದ ಮರ, ಮೇಲೆ ಒಣ ಕೊಂಬೆ ತೂಗುತ್ತಿರುವ ಮರ ಬೇಡ. ಬುಕ್ ಮಾಡುವಾಗಲೇ ಮರಕ್ಕೆ ಕಟ್ಟಲು ಬಿಡುತ್ತಾರಾ ಕೇಳಿಕೊಳ್ಳಿ, ಎಷ್ಟೋ ಕಡೆ ಬಿಡುವುದಿಲ್ಲ. ಇಟ್ಟಿಗೆ ಕಂಬ, ನಲ್ಲಿ ಪೈಪು, ಬೋರ್ಡಿನ ಕಂಬ ಇವುಗಳ ಹತ್ತಿರವೂ ಹೋಗಬೇಡಿ. ಮೇಲಿನ ಲೆಕ್ಕ ನೆನಪಿದೆಯಲ್ಲ, ಅವು ಅಡ್ಡ ಎಳೆತ ತಡೆಯಲು ಕಟ್ಟಿದವಲ್ಲ. ಇಟ್ಟಿಗೆ ಕಂಬ ಹ್ಯಾಮಕ್ ಮೇಲೆ ಕುಸಿದು ಜನ ಸತ್ತದ್ದೂ ಇದೆ.

ಒಂದೇ ಮರ ಇದ್ದರೆ ಇನ್ನೊಂದು ತುದಿಗೆ ಕಂಬ ನಿಲ್ಲಿಸಿ, ನೆಲಕ್ಕೆ ಗೂಟ ಹೊಡೆದು ಎಳೆದು ಕಟ್ಟುವ ಸೆಟ್ ಬರುತ್ತದೆ. ನಾನೂ ಬಳಸಿದ್ದೇನೆ. ಗಟ್ಟಿ ಮಣ್ಣಲ್ಲಿ ಚೆನ್ನಾಗಿದೆ, ಮರಳಲ್ಲಿ ಗೂಟ ಬೆಣ್ಣೆಯಿಂದ ಚಾಕು ಬಂದ ಹಾಗೆ ಬರುತ್ತದೆ. ಪೂರ್ತಿ ಸ್ಟ್ಯಾಂಡ್ ಅಂದರೆ ಕಾರಿನ ಪಕ್ಕದಲ್ಲೇ ಮಲಗುವವರ ಸರಕು. ಕಲಿಯುವವರಿಗೆ ಅದು ಬೇಡ ಅನ್ನುತ್ತೇನೆ. ಓರೆ, ಎತ್ತರ, ದೂರ ಎಲ್ಲವನ್ನೂ ಅದೇ ತೀರ್ಮಾನಿಸಿಬಿಡುತ್ತದೆ, ನಿಮಗೆ ಕಲಿಯಲು ಏನೂ ಉಳಿಯುವುದಿಲ್ಲ.

ನಿಜಕ್ಕೂ ಮರ ಇಲ್ಲದಿದ್ದರೆ? ನೆಲದ ಮೇಲೆ ಮಲಗಿ. ಅದರಲ್ಲಿ ನಾಚಿಕೆ ಏನಿದೆ. ಸ್ಟ್ಯಾಂಡ್ ದುಡ್ಡಲ್ಲಿ ಒಂದು ಒಳ್ಳೆಯ ಮ್ಯಾಟ್ ಕೊಳ್ಳಿ. ಹ್ಯಾಮಕ್‌ನಲ್ಲಿ ಬೆನ್ನಿಗೆ ಚಳಿ ಹೊಡೆಯುವುದು ಗೊತ್ತಲ್ಲ, ಸ್ಲೀಪಿಂಗ್ ಬ್ಯಾಗ್ ಎಷ್ಟೇ ದಪ್ಪ ಇದ್ದರೂ ಮೈ ಕೆಳಗೆ ಅಪ್ಪಚ್ಚಿ ಆಗುತ್ತದೆ, ಬೆಚ್ಚಗೆ ಇಡುವುದಿಲ್ಲ. ಅದಕ್ಕೆ ಹ್ಯಾಮಕ್ ಕೆಳಗೆ ಹೊರಗಿನಿಂದ ಕಟ್ಟುವ ರಜಾಯಿ ಬರುತ್ತದೆ, ಅದರ ಸುಖ ಮ್ಯಾಟ್‌ಗೆ ಇಲ್ಲ, ಒಪ್ಪುತ್ತೇನೆ. ಆದರೆ ಮರ ಸಿಗದ ರಾತ್ರಿ ಆ ರಜಾಯಿ ನೆಲದಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಮ್ಯಾಟ್ ಎರಡಕ್ಕೂ ಆಗುತ್ತದೆ. ಮಳೆಗೆ ಅಂತ ತಂದ ಟಾರ್ಪಾಲನ್ನು ನಡೆಯುವಾಗ ಹಿಡಿಯುವ ಎರಡು ಕೋಲಿಗೆ ಕಟ್ಟಿ ಕೆಳಗೆ ಮಲಗಿದರೆ ಆಯಿತು. ಕಳೆದ ನಾಲ್ಕು ಟ್ರಿಪ್‌ಗಳಲ್ಲಿ ಒಂದು ರಾತ್ರಿ ನಾನು ಮಲಗಿದ್ದೇ ಹಾಗೆ.

ಆಮೇಲೆ, ಕಟ್ಟಿದ ಮೇಲೆ ಧೊಪ್ಪಂತ ಕೂರಬೇಡಿ. ಬಟ್ಟೆಯ ನಡುವೆ ಎರಡೂ ಕೈ ಊರಿ ಭಾರ ಬಿಡಿ, ಸ್ಟ್ರಾಪ್ ಎಲ್ಲಾದರೂ ಜಾರುತ್ತಿದೆಯಾ ನೋಡಿ, ಆಮೇಲೆ ನಿಧಾನಕ್ಕೆ ಕೂರಿ. ನೆಲದಿಂದ ಕುರ್ಚಿಯಷ್ಟು ಎತ್ತರ ಸಾಕು, ಒಂದೂವರೆ ಅಡಿ. ಕೂರುವ ಮುಂಚೆ ಕೆಳಗೆ ಒಂದು ಸಲ ಬಗ್ಗಿ ನೋಡಿ, ಬೇರೋ ಚೂಪು ಕಲ್ಲೋ ಇದ್ದರೆ ಜಾಗ ಸ್ವಲ್ಪ ಸರಿಸಿ. ನಾನು ಈಗಲೂ ಟಾರ್ಚ್ ಹಿಡಿದು ಬಗ್ಗಿ ನೋಡುತ್ತೇನೆ, ಜೊತೆಗೆ ಬಂದವರು ನಗುತ್ತಾರೆ.