ಪಂಜರದ ಮಂಗಗಳಿಗೆ ಹೆಲಿಕೋಬ್ಯಾಕ್ಟರ್ ಸೋಂಕು ತಗುಲಿದರೆ ಹೊಟ್ಟೆಯ ಕ್ಯಾನ್ಸರ್ ಬರುತ್ತದೆಯೇ?

ಸೋಂಕು ಬಹಳ ಸಾಮಾನ್ಯ, ಕ್ಯಾನ್ಸರ್ ಅಪರೂಪ. ಗುಂಪಿನಲ್ಲಿ ಸಾಕಿದ ರೀಸಸ್ ಮಂಗಗಳಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಮರಿಯಾಗಿದ್ದಾಗಲೇ ಅಂಟುತ್ತದೆ. ತಾಯಿಯ ಬಾಯಿ, ವಾಂತಿ, ಮಲ ಇವೇ ದಾರಿ. ಈ ಬ್ಯಾಕ್ಟೀರಿಯಾ ಯೂರಿಯೇಸ್ ಎಂಬ ಕಿಣ್ವದಿಂದ ಅಮೋನಿಯಾ ಮಾಡಿಕೊಂಡು ಜಠರದ ಆಮ್ಲದಲ್ಲಿ ಬದುಕುತ್ತದೆ. ವರ್ಷಗಟ್ಟಲೆ ಉಳಿಯುವ ಉರಿಯೂತದಿಂದ ಒಳಪದರದ ಗ್ರಂಥಿಗಳು ಸವೆಯುತ್ತವೆ. ಅಪಾಯ ಶುರುವಾಗುವುದು ಅಲ್ಲಿಂದ.

ಆದರೂ ಸೋಂಕೊಂದೇ ಸಾಲದು. 2009ರಲ್ಲಿ ಪ್ರಕಟವಾದ ರೀಸಸ್ ಮಂಗಗಳ ಪ್ರಯೋಗದಲ್ಲಿ, ಬ್ಯಾಕ್ಟೀರಿಯಾದ ಜೊತೆಗೆ ನೈಟ್ರೋಸೋ ಮಾದರಿಯ ರಾಸಾಯನಿಕ ಕ್ಯಾನ್ಸರ್‌ಕಾರಕವನ್ನೂ ಆಹಾರದಲ್ಲಿ ಕೊಟ್ಟ ಗುಂಪಿನಲ್ಲಿ 5 ವರ್ಷಗಳೊಳಗೆ ಗಡ್ಡೆಯತ್ತ ಸಾಗುವ ಬದಲಾವಣೆ ಕಂಡಿತು. ಮನುಷ್ಯರ ವಿಷಯದಲ್ಲಿ ಇದೇ ಬ್ಯಾಕ್ಟೀರಿಯಾವನ್ನು 1994ರಲ್ಲೇ ಮೊದಲ ದರ್ಜೆಯ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಲಾಗಿದೆ.

ಪತ್ತೆಯಲ್ಲಿ ಎಡವುವವರು ಹೆಚ್ಚು. ಮಂಗದ ಹೊಟ್ಟೆಯಲ್ಲಿ ಹೆಲಿಕೋಬ್ಯಾಕ್ಟರ್ ಸುಯಿಸ್ ಎಂಬ ಇನ್ನೊಂದು ಜಾತಿಯೂ ಇರಬಹುದು, ಅದಕ್ಕೂ ಯೂರಿಯೇಸ್ ಇದೆ. ಹಾಗಾಗಿ ಯೂರಿಯೇಸ್ ಪರೀಕ್ಷೆಯಾಗಲಿ ಉಸಿರಿನ ಪರೀಕ್ಷೆಯಾಗಲಿ ಯಾವ ಜಾತಿ ಎಂದು ಹೇಳಲಾರದು. ಎಂಡೋಸ್ಕೋಪಿ ಮಾಡಿ ಜಠರದ ಕೆಳಭಾಗ, ಮಧ್ಯಭಾಗ ಎರಡರಿಂದಲೂ ತುಣುಕು ತೆಗೆದು ಪಿಸಿಆರ್ (ಬ್ಯಾಕ್ಟೀರಿಯಾದ ಡಿಎನ್ಎ ಪತ್ತೆ ಮಾಡುವ ಪರೀಕ್ಷೆ) ಅಥವಾ ಕಲ್ಚರ್ (ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವುದು) ಮಾಡಬೇಕು. ಸೋಂಕು ಅಲ್ಲಲ್ಲಿ ಚುಕ್ಕಿಯಂತೆ ಇರುವುದರಿಂದ ಒಂದೇ ತುಣುಕು ಮೋಸ ಮಾಡುತ್ತದೆ. ಪರೀಕ್ಷೆಗೆ ಮೊದಲೇ, ಆಮ್ಲ ತಗ್ಗಿಸುವ ಒಮೆಪ್ರಝೋಲ್ 2 ವಾರ, ಆ್ಯಂಟಿಬಯಾಟಿಕ್ 4 ವಾರ ನಿಲ್ಲಿಸಿರಬೇಕು. ಇಲ್ಲದಿದ್ದರೆ ಇರುವ ಸೋಂಕೂ ಇಲ್ಲವೆಂದು ಬರಬಹುದು.

ಚಿಕಿತ್ಸೆ ಒಮೆಪ್ರಝೋಲ್, ಅಮಾಕ್ಸಿಸಿಲಿನ್, ಕ್ಲಾರಿಥ್ರೋಮೈಸಿನ್ ಜೋಡಣೆ. ಪ್ರಮಾಣವನ್ನು ಪಶುವೈದ್ಯರು ತೂಕ ನೋಡಿ ನಿರ್ಧರಿಸಬೇಕು. ಕಹಿಯೆಂದು ಮಂಗ ಅರ್ಧ ಉಗುಳಿದರೆ ಔಷಧಕ್ಕೆ ಬಗ್ಗದ ತಳಿ ಬೆಳೆಯಬಹುದು, ಆದ್ದರಿಂದ ನುಂಗುವವರೆಗೂ ನಿಂತು ನೋಡಿ. ಒಂದನ್ನೇ ಗುಣಪಡಿಸಿ ಅದೇ ಗುಂಪಿಗೆ ಬಿಟ್ಟರೆ ಸೋಂಕು ಮರಳುತ್ತದೆ.