ಅಪ್ಪನ ಹೆಸರಿನ ದತ್ತಿ: ಯಾರಿಗೆ ಕೊಡಬೇಕು, ಯಾವಾಗ ಕೊಡಬೇಕು?

ಪ್ರಶ್ನೆ: ನಮ್ಮ ಅಪ್ಪ ಊರಲ್ಲಿ ಮೂವತ್ತು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದರು. ಹೋದ ವರ್ಷ ತೀರಿಕೊಂಡರು. ವರ್ಷದ ತಿಥಿಗೆ ದೊಡ್ಡ ಊಟ ಹಾಕಿಸುವ ಬದಲು ನಾವು ಮೂರು ಜನ ಮಕ್ಕಳು ತಲಾ ಒಂದು ಲಕ್ಷ ಹಾಕಿ ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಅವರ ಹೆಸರಲ್ಲಿ ದತ್ತಿ ಇಡೋಣ ಅಂತಿದ್ದೇವೆ. ಎಸ್‌ಎಸ್‌ಎಲ್‌ಸಿಯಲ್ಲಿ ಶಾಲೆಗೆ ಮೊದಲು ಬಂದವರಿಗೆ ಪ್ರತಿ ಆಗಸ್ಟ್ 15ಕ್ಕೆ ಕೊಡಬೇಕು ಅಂತ ಅಕ್ಕನ ಆಸೆ. ಟ್ರಸ್ಟ್ ಮಾಡಬೇಕಾ? ಠೇವಣಿ ಯಾರ ಹೆಸರಲ್ಲಿರಬೇಕು?
– ಓದುಗರು, ತಿಪಟೂರು ತಾಲ್ಲೂಕು

ಉತ್ತರ: ನಿಮ್ಮ ಪತ್ರ ಓದಿ ಮನಸ್ಸು ತುಂಬಿ ಬಂತು. ನಿಮ್ಮ ಅಕ್ಕ ಬೇಜಾರು ಮಾಡಿಕೊಳ್ಳಬಾರದು, ಆದರೆ ಮೊದಲು ಬಂದವರಿಗೇ ಅನ್ನೋದು, ಆಗಸ್ಟ್ 15ಕ್ಕೇ ಅನ್ನೋದು, ಈ ಎರಡನ್ನೂ ದಯವಿಟ್ಟು ಬಿಡಿ.

ಯಾಕೆ ಅಂತ ಹೇಳ್ತೀನಿ. ನಾನು ಮುಖ್ಯ ಶಿಕ್ಷಕನಾಗಿದ್ದ ಒಂದು ಶಾಲೆಯಲ್ಲಿ ಮೇ ತಿಂಗಳ ಕೊನೆಗೆ ಒಬ್ಬ ಹುಡುಗ ಟಿಸಿ ತಗೊಳ್ಳೋಕೆ ಬಂದ. 61 ಪರ್ಸೆಂಟ್ ತೆಗೆದಿದ್ದ. ಟಿಸಿ ಕೈಗೆ ಕೊಟ್ಟರೂ ಹೋಗಲಿಲ್ಲ, ಅದನ್ನು ನಾಲ್ಕು ಮಡಿಕೆ ಮಾಡಿ ಬಿಚ್ಚಿ, ಮತ್ತೆ ಮಡಚಿ, ಬಾಗಿಲ ಹತ್ತಿರವೇ ನಿಂತಿದ್ದ. ಆಮೇಲೆ ಕೇಳಿದ, ‘ಸಾರ್, ಐಟಿಐಗೆ ಹೋಗೋಕೆ ಬಸ್ ಪಾಸ್ ಎಷ್ಟಾಗುತ್ತೆ?’ ಆ ಹೊತ್ತಿಗೆ ಶಾಲೆಯ ಖಾತೆಯಲ್ಲಿ ಒಂದು ದತ್ತಿಯ ಬಡ್ಡಿ ಸುಮ್ನೆ ಕೂತಿತ್ತು. ಆದರೆ ಮೊದಲ ಸ್ಥಾನಕ್ಕೆ, ಸ್ವಾತಂತ್ರ್ಯ ದಿನಕ್ಕೆ ಅಂತ ಪತ್ರದಲ್ಲಿ ಬರೆದಿತ್ತು. ನಾನು ಮುಟ್ಟುವ ಹಾಗಿರಲಿಲ್ಲ. ಪಾಸಿಗೆ ನನ್ನ ಜೇಬಿಂದ ಕೊಟ್ಟೆ. ಯೂನಿಫಾರ್ಮು, ಬೂಟು, ಪರೀಕ್ಷೆ ಶುಲ್ಕ ಅಂತ ಒಂದಾದ ಮೇಲೊಂದು ಬಂತು, ದಸರಾ ಹೊತ್ತಿಗೆ ಹುಡುಗ ಬಿಟ್ಟು ಗಾರೆ ಕೆಲಸಕ್ಕೆ ಹೋದ. ಆಗಸ್ಟ್ 15ಕ್ಕೆ ದತ್ತಿಯ ಕವರು ಹೋಗಿದ್ದು ಆಗಲೇ ದೂರದ ಕಾಲೇಜು ಸೇರಿದ್ದ ಇನ್ನೊಬ್ಬ ಹುಡುಗನ ಮನೆಗೆ. ಅವನಿಗೆ ರಜೆ ಸಿಗದೆ ಅವರಪ್ಪ ಬಂದು ತಗೊಂಡರು. ಅವರದ್ದೇನೂ ತಪ್ಪಿಲ್ಲ. ಚೆನ್ನಾಗಿ ಓದಿದ ಹುಡುಗ, ಖುಷಿಯಾಗಿ ಕೊಟ್ಟೆವು. ಆದರೆ ಆ ದುಡ್ಡು ಇಲ್ಲದಿದ್ದರೂ ಅವನು ಓದ್ತಿದ್ದ.

ಶಿರಸಂಗಿ ಲಿಂಗರಾಜ ದೇಸಾಯಿಯವರ ಹೆಸರು ಕೇಳಿರುತ್ತೀರಿ. ಮಕ್ಕಳಿರಲಿಲ್ಲ, 1906ರಲ್ಲಿ ತೀರಿಕೊಂಡರು, ಆಸ್ತಿಯನ್ನು ಮೃತ್ಯುಪತ್ರ ಬರೆದು ವಿದ್ಯಾರ್ಥಿಗಳ ಓದಿಗೆ ಬಿಟ್ಟಿದ್ದರು. ಅವರ ಹೆಸರು ಇವತ್ತಿಗೂ ಜನರ ಬಾಯಲ್ಲಿದೆ ಅಂದರೆ ಅದು ವೇದಿಕೆ ಮೇಲೆ ಬಹುಮಾನ ಕೊಟ್ಟಿದ್ದಕ್ಕಲ್ಲ, ಓದೋ ಹುಡುಗರ ಖರ್ಚಿಗೆ ಆಗಿದ್ದಕ್ಕೆ. ನಿಮ್ಮ ಮೂರು ಲಕ್ಷ ಅದರ ಮುಂದೆ ಸಣ್ಣದಿರಬಹುದು, ಕೆಲಸ ಅದೇ ಅಲ್ವಾ?

ಹಾಗಾಗಿ ಫಲಿತಾಂಶ ಬಂದ ವಾರದಲ್ಲೇ, ಅಡ್ಮಿಷನ್ ಮುಗಿಯೋದರೊಳಗೆ, ಮುಂದೆ ಓದೋಕೆ ದುಡ್ಡಿನ ತೊಂದರೆ ಇರುವ ಇಬ್ಬರು ಮೂವರಿಗೆ ಕೊಡಿ. ಪಾಸಾಗಿದ್ದರೆ ಸಾಕು. ಯಾರಿಗೆ ಅಂತ ಕ್ಲಾಸ್ ಟೀಚರಿಗೆ ಚೆನ್ನಾಗಿ ಗೊತ್ತಿರುತ್ತೆ. ಈಗ ಶಕ್ತಿ ಯೋಜನೆ ಇರೋದರಿಂದ ಹುಡುಗಿಯರಿಗೆ ಸರ್ಕಾರಿ ಬಸ್ಸಿನ ಖರ್ಚಿಲ್ಲ, ಆದರೆ ಸೈನ್ಸ್ ತಗೊಂಡರೆ ಪುಸ್ತಕ, ರೆಕಾರ್ಡು ಅಂತ ಜಾಸ್ತಿ ಆಗುತ್ತೆ. ಇದನ್ನೆಲ್ಲ ಕೇಳಿ ತಿಳ್ಕೊಂಡು ಕೊಡಿ. ಇನ್ನೊಂದು ಮಾತು: ‘ಬಡ ವಿದ್ಯಾರ್ಥಿ’ ಅಂತ ಮೈಕಿನಲ್ಲಿ ಕೂಗಿಸಿ ಫೋಟೋ ತೆಗೆಸಬೇಡಿ. ಹದಿನಾರು ವರ್ಷದ ಮಕ್ಕಳಿಗೆ ಅದು ತುಂಬಾ ನೋವಾಗುತ್ತೆ. ಅವರ ಬ್ಯಾಂಕ್ ಖಾತೆಗೆ ಹಾಕಿ, ಜೊತೆಗೆ ನಿಮ್ಮ ಅಪ್ಪನ ಬಗ್ಗೆ ಅರ್ಧ ಪುಟ ಬರೆದ ಒಂದು ಕಾಗದ ಕೊಡಿ. ಪೋಸ್ಟ್‌ಮ್ಯಾನ್ ಹೆಸರಲ್ಲಿ ಕಾಗದ ಬಂದರೆ ಚೆನ್ನ.

ಲೆಕ್ಕಕ್ಕೆ ಬರೋಣ. ಮೂರು ಲಕ್ಷಕ್ಕೆ ಶೇಕಡಾ ಆರೂವರೆ ಬಡ್ಡಿ ಅಂತಿಟ್ಟುಕೊಂಡರೆ ವರ್ಷಕ್ಕೆ 19,500 ರೂಪಾಯಿ. ಅಷ್ಟೂ ಹಂಚಬೇಡಿ. 15,000 ಕೊಟ್ಟು ಉಳಿದ 4,500 ಅಸಲಿಗೆ ಸೇರಿಸ್ತಾ ಹೋಗಿ. ಹೀಗೆ ಮಾಡದೆ ಎಷ್ಟೋ ಹಳೇ ದತ್ತಿಗಳು ಸೊರಗಿ ಹೋಗಿವೆ. ಬಡ್ಡಿ ಶೇಕಡಾ ಹತ್ತರ ಮೇಲಿದ್ದ ಕಾಲದಲ್ಲಿ ಇಟ್ಟ 5,000 ರೂಪಾಯಿ ಇವತ್ತು ತರುವ ಮುನ್ನೂರು ಚಿಲ್ಲರೆಯಲ್ಲಿ ಒಂದು ಒಳ್ಳೇ ಡಿಕ್ಷನರಿ ತಗೊಳ್ಳೋದೂ ಕಷ್ಟ.

ಟ್ರಸ್ಟ್ ಬೇಡ. ಡೀಡ್ ಬರೆಸಿ ರಿಜಿಸ್ಟರ್ ಮಾಡಿಸಬೇಕು, ಬೇರೆ ಪ್ಯಾನ್, ವರ್ಷ ವರ್ಷ ಲೆಕ್ಕಪತ್ರ. ಇಷ್ಟು ಮೊತ್ತಕ್ಕೆ ಆಡಿಟರ್ ಫೀಸೇ ಒಂದು ಮಗುವಿನ ಪಾಲು ತಿಂದುಬಿಡುತ್ತೆ. ಶಾಲೆಯಲ್ಲೇ ಇಡೋದಾದರೆ ಠೇವಣಿ ಈಗಿನ ಮುಖ್ಯ ಶಿಕ್ಷಕರ ಸ್ವಂತ ಹೆಸರಲ್ಲಿ ಬೇಡವೇ ಬೇಡ. ‘ಮುಖ್ಯ ಶಿಕ್ಷಕರು’ ಅಂತ ಹುದ್ದೆಯ ಹೆಸರಲ್ಲಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರ ಜೊತೆ ಜಂಟಿಯಾಗಿ ಇರಲಿ. ಷರತ್ತು ಬರೆದ ಪತ್ರ ಒಂದು ಪ್ರತಿ ಶಾಲೆಗೆ, ಒಂದು ಬ್ಯಾಂಕಿಗೆ, ಒಂದು ನಿಮ್ಮ ಮನೆಗೆ. ಒಮ್ಮೆ ನಾನು ಚಾರ್ಜ್ ತಗೊಂಡ ಶಾಲೆಯ ಬೀರುವಿನಲ್ಲಿ, ತುಕ್ಕು ಹಿಡಿದ ಗುಂಡುಸೂಜಿ ಚುಚ್ಚಿದ್ದ ಒಂದು ಠೇವಣಿ ಬಾಂಡು ಸಿಕ್ಕಿತ್ತು. ಯಾರೋ ಮಗ ತಾಯಿಯ ಹೆಸರಲ್ಲಿ ಇಟ್ಟಿದ್ದು. ಮೂರು ಮುಖ್ಯ ಶಿಕ್ಷಕರು ವರ್ಗವಾಗಿ ಹೋಗಿದ್ದರು, ಒಬ್ಬರೂ ಇನ್ನೊಬ್ಬರಿಗೆ ಹೇಳಿರಲಿಲ್ಲ. ಹತ್ತು ವರ್ಷ ಯಾರೂ ಕೇಳದ ಠೇವಣಿಯ ದುಡ್ಡನ್ನು ಬ್ಯಾಂಕು ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸಬೇಕು, 2014ರಿಂದ ಆ ವ್ಯವಸ್ಥೆ ಇದೆ. ಅರ್ಜಿ ಹಾಕಿದರೆ ವಾಪಸ್ ಸಿಗುತ್ತೆ, ಸಿಕ್ಕಿತು ಕೂಡ, ಆದರೆ ಅಷ್ಟು ವರ್ಷ ಒಂದು ಮಗುವಿಗೂ ಒಂದು ರೂಪಾಯಿ ಹೋಗಿರಲಿಲ್ಲ. ಅದಕ್ಕೇ ಹೇಳ್ತಿದ್ದೀನಿ, ದುಡ್ಡು ಕೊಟ್ಟು ಮರೆಯಬೇಡಿ. ವರ್ಷಕ್ಕೊಮ್ಮೆ ನೀವೇ ಹೋಗಿ. ಹೋದಾಗ ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಪರೀಕ್ಷೆಗೆ ಎಷ್ಟು ಮಕ್ಕಳು ಕೂತರು ಅಂತ ವಿಚಾರಿಸಿ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ಕೇಂದ್ರ ಸರ್ಕಾರದಿಂದ ವರ್ಷಕ್ಕೆ 12,000 ಬರುತ್ತೆ. ಅರ್ಜಿ ತುಂಬೋಕೆ, ಆದಾಯ ಪ್ರಮಾಣಪತ್ರ ಮಾಡಿಸೋಕೆ ನಿಮ್ಮಂಥವರು ಒಬ್ಬರು ಜೊತೆಗಿದ್ದರೆ ನಿಮ್ಮ ದತ್ತಿ ತಲುಪದ ಮಕ್ಕಳಿಗೂ ದಾರಿಯಾಗುತ್ತೆ.

ಪ್ರಶ್ನೆ: ಅಮ್ಮನ ಹೆಸರಿನ ವಿದ್ಯಾರ್ಥಿವೇತನಕ್ಕೆ ಅಮೆರಿಕದಲ್ಲಿರುವ ನನ್ನ ತಮ್ಮ ಊರಿನ ವಿದ್ಯಾಸಂಸ್ಥೆಯ ಟ್ರಸ್ಟಿಗೆ ನೇರವಾಗಿ ದುಡ್ಡು ಕಳಿಸಬಹುದಾ?
– ಓದುಗರು, ಸಾಗರ

ಉತ್ತರ: ತಮ್ಮನ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಮೊದಲು ಕೇಳಿ. ಇನ್ನೂ ಭಾರತದ್ದೇ ಆಗಿದ್ದರೆ, ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಂತ ಲೆಕ್ಕಕ್ಕೆ ಬರೋದಿಲ್ಲ. ಅಲ್ಲಿಯ ಪೌರತ್ವ ತಗೊಂಡಿದ್ದರೆ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಸರಿ, ಅದು ವಿದೇಶಿ ದೇಣಿಗೆ. ಆಗ ಆ ಟ್ರಸ್ಟಿಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಅನುಮತಿ ಇರಲೇಬೇಕು. ಇಲ್ಲದೆ ತಗೊಂಡರೆ ತೊಂದರೆ ಆಗೋದು ಸಂಸ್ಥೆಗೆ. ಕಳಿಸೋ ಮೊದಲು ಟ್ರಸ್ಟಿನವರ ಹತ್ತಿರ ಆ ನೋಂದಣಿ ಸಂಖ್ಯೆ ಕೇಳಿ ತಗೊಳ್ಳಿ.